ಎರಡೂ ಉತ್ತರ ಬರೆಸುತ್ತಿದ್ದ ಸರ್

ಅಭಿನಂದನ ಸಮಿತಿಯವರು ಫೋನು ಮಾಡಿ, ನಿವೃತ್ತರಾದ ನಮ್ಮ ಸರ್ ಬಗ್ಗೆ ಎರಡು ಪುಟ ಬರೆದುಕೊಡಬೇಕು ಎಂದರು. ‘ಬರೇ ಚಲೋ ಚಲೋದಷ್ಟ ಬರೀರಿ ಮೇಡಂ, ಪುಸ್ತಕ ಅವರ ಮನಿಮಂದೆಲ್ಲಾ ಓದತಾರ,’ ಎಂದು ಬೇರೆ ಸೇರಿಸಿದರು. ಆಯಿತು ಅಂದೆ. ಕೂತು, ‘ಸರಳ ಜೀವಿ, ವಿದ್ಯಾರ್ಥಿಗಳ ಕಣ್ಮಣಿ, ಅಜಾತಶತ್ರು’ ಎಂದು ಬರೆದು ನೋಡಿದೆ. ಹಳಸಿದ ಸಾರು ಬಾಯಿಗೆ ಬಂದಂತಾಯಿತು. ಆ ಹಾಳೆ ಹರಿದು ಕಸದ ಬುಟ್ಟಿಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ಇದು ಆ ಪುಸ್ತಕಕ್ಕಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಹೆಸರು ಹೇಳುವುದಿಲ್ಲ. ಬೈಲಹೊಂಗಲದ ಪ್ಯಾಟಿಯಲ್ಲಿ ನಿಂತು ‘ಫಿಜಿಕ್ಸ್ ಸರ್’ ಅಂದರೆ ಸಾಕು, ತರಕಾರಿ ಮಾರುವವಳೂ ಮನೆ ತೋರಿಸುತ್ತಾಳೆ. ನಾನೂ ಅವರಿದ್ದ ಪಿಯು ಕಾಲೇಜಿನಲ್ಲೇ ಅದೇ ಫಿಜಿಕ್ಸ್ ಕಲಿಸುತ್ತ ಕೂದಲು ಬಿಳಿ ಮಾಡಿಕೊಂಡವಳು. ನನ್ನನ್ನು ಮಾತ್ರ ಜನ ಇವತ್ತಿಗೂ ‘ಸರ್ ಕೈಕೆಳಗಿನ ಮೇಡಂ’ ಅನ್ನುತ್ತಾರೆ. ಇದನ್ನು ಓದಿದವರು ಹೊಟ್ಟೆಕಿಚ್ಚು ಅನ್ನಬಹುದು. ಅನ್ನಲಿ. ಹೊಟ್ಟೆಕಿಚ್ಚು ಯಾವುದು, ಹೇಸಿಗೆ ಯಾವುದು ಎಂದು ನನಗೆ ಗೊತ್ತಿದೆ.

ನೋಡಲು ಚೆಂದದ ಆಳು. ಎತ್ತರ, ಇಸ್ತ್ರಿಯ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಎಂದೂ ಮಾಸದ ನಗು. ದೂರದಿಂದ ಕಂಡವರಿಗೆ ಕೈ ಮುಗಿಯಬೇಕು ಅನಿಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರ ಪಾಡು ಬೇರೆ. ಸ್ಕೂಟರಿನ ಕೀಲಿಕೈಯಿಂದ ಕಿವಿ ಕೆರೆದುಕೊಳ್ಳುವುದು ಅವರ ರೂಢಿ. ಕೆರೆದು, ಕೀಲಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಒರೆಸಿ, ಅದೇ ಬೆರಳನ್ನು ಎಲ್ಲರ ನಡುವೆ ಇಟ್ಟ ಅವಲಕ್ಕಿ ಚೂಡಾದ ತಟ್ಟೆಗೆ ಹಾಕುತ್ತಿದ್ದರು. ‘ತಗೋರಿ ಮೇಡಮ್ಮಾರ, ಸಂಕೋಚ ಮಾಡಬ್ಯಾಡ್ರಿ,’ ಎಂದು ಒಂದು ಹಿಡಿ ನನ್ನ ಮುಂದಿನ ಹಾಳೆಯ ಮೇಲೆ ಹಾಕುತ್ತಲೂ ಇದ್ದರು. ನಾನು ಆ ತಟ್ಟೆ ಮುಟ್ಟುವುದನ್ನೇ ಬಿಟ್ಟೆ. ನನಗೆ ಹೊಟ್ಟೆಯ ತ್ರಾಸು ಇದೆ ಎಂದು ಉಳಿದವರು ತಿಳಿದುಕೊಂಡರು.

ಕಿವಿಯ ಕೊಳೆಯದು ಬಿಡಿ, ಅದು ತೊಳೆದರೆ ಹೋಗುತ್ತದೆ. ನನಗೆ ತಡೆಯಲಾಗದೆ ಹೋದದ್ದು ಅವರ ಒಂದು ಮಾತು: ‘ನೀವು ಹೇಳೂದೂ ಖರೆ.’ ಯಾರು ಏನೇ ಹೇಳಲಿ, ತಲೆ ಒಂದು ಬದಿಗೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ಇದೊಂದು ಮಾತು. ಆಡಳಿತ ಮಂಡಳಿಯಲ್ಲಿ ಆಗ ಎರಡು ಗುಂಪು. ಮುಂಜಾನೆಯ ಚಾ ಒಂದು ಗುಂಪಿನ ಮುಖಂಡರ ಅಂಗಡಿಯಲ್ಲಿ, ಸಂಜೆಯ ಮಿರ್ಚಿ ಇನ್ನೊಂದು ಗುಂಪಿನವರ ಮನೆಯಲ್ಲಿ. ಎರಡೂ ಕಡೆಯವರು ‘ಸರ್ ನಮ್ಮ ಮನಷ್ಯಾ’ ಎಂದೇ ನಂಬಿದ್ದರು. ಇಂಥವರನ್ನು ನಮ್ಮ ಕಡೆ ‘ಭಾಳ ಸಜ್ಜನ’ ಅನ್ನುತ್ತಾರೆ.

ಬಸವ್ವನ ಕತೆ ಹೇಳಿದರೆ ಈ ಸಜ್ಜನಿಕೆ ಏನೆಂದು ತಿಳಿಯುತ್ತದೆ. ಬಸವ್ವ ನಮ್ಮ ಕಾಲೇಜಿನಲ್ಲಿ ಕಸ ಹೊಡೆಯುತ್ತಿದ್ದಳು. ಆಫೀಸಿನ ಹಿರಿಯ ಕ್ಲಾರ್ಕ್ ಒಂದು ದಿನ, ಟೇಬಲ್ ಒರೆಸಲಿಲ್ಲ ಎಂಬ ನೆವದಲ್ಲಿ, ಅವಳ ಕೈ ಹಿಡಿದು ತಿರುವಿದ. ಬಳೆ ಒಡೆದು ರಕ್ತ ಬಂತು. ಆ ಕೈ ನಾನೇ ತೊಳೆದು ಬಟ್ಟೆ ಕಟ್ಟಿದೆ. ವಿಚಾರಣೆ ಮಾಡಲು ನೇಮಿಸಿದ್ದು ಯಾರನ್ನು? ಇವರನ್ನೇ, ಎಲ್ಲರಿಗೂ ಬೇಕಾದವರಲ್ಲವೇ. ಲ್ಯಾಬಿನಲ್ಲಿ ಬಸವ್ವನನ್ನು ಕೂಡಿಸಿ, ‘ನಾ ನಿನ್ನ ಕಡೆನ ಅದೇನಿ ಬಸವ್ವ, ನೀ ಅಂಜಬ್ಯಾಡ,’ ಎಂದರು. ಆಫೀಸಿಗೆ ಹೋಗಿ ಆ ಕ್ಲಾರ್ಕನ ಹೆಗಲ ಮೇಲೆ ಕೈ ಇಟ್ಟು, ‘ನಿಮ್ಮ ಸಿಟ್ಟೂ ಖರೇನ ಐತಿ,’ ಎಂದರು. ಕೊನೆಗೆ ಕೊಟ್ಟ ತೀರ್ಪು: ಇಬ್ಬರೂ ಹೊಂದಿಕೊಂಡು ಹೋಗತಕ್ಕದ್ದು. ಬಸವ್ವ ಅದೇ ಮನುಷ್ಯನ ಕೋಣೆಯನ್ನು ಅದೇ ಕೈಯಿಂದ ಗುಡಿಸಬೇಕಾಯಿತು. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ರಾಮದುರ್ಗಕ್ಕೆ ತಂಗಿಯ ಮನೆಗೆ ಹೋದಳು. ಹೋಗುವಾಗ ಇವರ ಕಾಲಿಗೆ ಬಿದ್ದು ಹೋದಳು! ‘ಸರ್ ಒಬ್ರ ನನ್ನ ಕಡೆ ಇದ್ರರಿ,’ ಎಂದು ನನ್ನ ಮುಂದೆ ಕಣ್ಣೀರು ತೆಗೆದಳು.

ಇನ್ನು ಲೆಕ್ಕದ ಮಾತು. ಫಿಜಿಕ್ಸ್ ಓದದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ, ದೊಡ್ಡದೇನಲ್ಲ. ಒಂದು ಗೆರೆಯ ಮೇಲೆ ಎರಡು ವಿದ್ಯುತ್ ಚಾರ್ಜುಗಳಿವೆ, ಎರಡೂ ಪ್ಲಸ್. ಎಡಗಡೆಯದು ಬಲಗಡೆಯದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ನಡುವಿನ ಅಂತರ ಮೂವತ್ತು ಸೆಂಟಿಮೀಟರ್. ಇವುಗಳ ಹತ್ತಿರ ಒಂದು ಪ್ಲಸ್ ಕಣ ಇಟ್ಟರೆ ಎರಡೂ ಅದನ್ನು ತಮ್ಮಿಂದ ದೂರ ದಬ್ಬುತ್ತವೆ. ಯಾವ ಜಾಗದಲ್ಲಿ ಇಟ್ಟರೆ ಅದು ಯಾವ ಕಡೆಗೂ ಸರಿಯುವುದಿಲ್ಲ, ಅಂದರೆ ವಿದ್ಯುತ್ ಕ್ಷೇತ್ರ ಎಲ್ಲಿ ಸೊನ್ನೆಯಾಗುತ್ತದೆ? ಸೂತ್ರ ಹಾಕಿ ಬಿಡಿಸಿದರೆ ವರ್ಗ ಸಮೀಕರಣ ಬಂದು ಎರಡು ಉತ್ತರ ಕೊಡುತ್ತದೆ: ದೊಡ್ಡ ಚಾರ್ಜಿನಿಂದ ಇಪ್ಪತ್ತು ಸೆಂಟಿಮೀಟರ್, ಇಲ್ಲವೆ ಅರವತ್ತು. ಇಪ್ಪತ್ತು ಅಂದರೆ ಎರಡರ ನಡುವೆ. ಅಲ್ಲಿ ದೊಡ್ಡದು ಬಲಕ್ಕೆ ದಬ್ಬುತ್ತದೆ, ಸಣ್ಣದು ಎಡಕ್ಕೆ; ದೊಡ್ಡದು ದೂರ, ಸಣ್ಣದು ಹತ್ತಿರ, ಹಾಗಾಗಿ ಸರಿಸಮ. ಕಣ ನಿಲ್ಲುತ್ತದೆ. ಅರವತ್ತು ಅಂದರೆ ಸಣ್ಣದನ್ನೂ ದಾಟಿ ಹೊರಗೆ. ಅಲ್ಲಿಯೂ ಎರಡರ ಬಲ ಸರಿಸಮವೇ, ಆದರೆ ಎರಡೂ ಬಲಕ್ಕೇ ದಬ್ಬುತ್ತವೆ. ನಿಲ್ಲುವ ಮಾತೆಲ್ಲಿ ಬಂತು, ಕಣ ಓಟ ಕೀಳುತ್ತದೆ. ಆದ್ದರಿಂದ ಇಪ್ಪತ್ತು ಸರಿ, ಅರವತ್ತು ತಪ್ಪು. ಎರಡರಲ್ಲಿ ಒಂದು ಚಾರ್ಜು ಮೈನಸ್ ಆದರೆ ಇದು ತಿರುವುಮುರುವು: ಆಗ ಅರವತ್ತು ಸರಿ, ಇಪ್ಪತ್ತು ತಪ್ಪು. ಎರಡು ಬಾಣ ಬರೆದು ನೋಡಿದರೆ ಮುಗಿಯಿತು.

ಸರ್ ಬಾಣ ಬರೆಸುತ್ತಿರಲಿಲ್ಲ. ಅವರ ವಿಧಾನವೇ ಬೇರೆ.

‘ಪ್ಲಸ್ ಇರಲಿ, ಮೈನಸ್ ಇರಲಿ, ತಲಿ ಕೆಡಿಸಿಕೊಳ್ಳಬ್ಯಾಡ್ರಿ,’ ಎಂದು ತರಗತಿಯಲ್ಲಿ ಸಾರುತ್ತಿದ್ದರು. ‘ಎರಡೂ ಬರೀರಿ. ಎರಡಕ್ಕೂ ಸುತ್ತ ಡಬ್ಬಿ ಹಾಕ್ರಿ. ಪೇಪರ್ ನೋಡಾವನ ಕೈಯಾಗ ಉತ್ತರದ ಚೀಟಿ ಇರತೈತಿ. ಅದರಾಗಿದ್ದದ್ದು ನಿಮ್ಮ ಪೇಪರಿನ್ಯಾಗ ಕಂಡ್ರ ಆತು, ಟಿಕ್ ಹೊಡದು ಮುಂದ ಹೋಗತಾನ. ಅಂವಗೂ ಊಟದ ಹೊತ್ತಾಗಿರತೈತಿ!’

ಹುಡುಗರು ನಕ್ಕು ಬರೆದುಕೊಳ್ಳುತ್ತಿದ್ದರು. ಕಿತ್ತೂರು, ಸವದತ್ತಿ, ಎಲ್ಲ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು, ಪಾಸಾದರೆ ಸಾಕೆಂದು ಜೀವ ಹಿಡಿದು ಕೂತವರು. ಅವರಿಗೆ ಈ ಮಾತು ಬೆಲ್ಲದಷ್ಟು ಸಿಹಿ. ಮೌಲ್ಯಮಾಪನಕ್ಕೆ ನಾನೂ ಹೋಗಿದ್ದೇನೆ. ಎರಡು ಡಬ್ಬಿ ಹಾಕಿದ ಪೇಪರು ಬಂದರೆ ಪಕ್ಕದ ಟೇಬಲ್ಲಿನವರು, ‘ಇದು ನಿಮ್ಮ ಬೈಲಹೊಂಗಲದ್ದ ಇರಬೇಕ್ರಿ ಮೇಡಂ,’ ಎಂದು ನನ್ನ ಮುಂದೆ ಹಿಡಿದು ನಗುತ್ತಿದ್ದರು. ನಗುತ್ತಲೇ ಟಿಕ್ ಹೊಡೆಯುತ್ತಿದ್ದರು. ಅಂದರೆ ಸರ್ ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ನನ್ನ ಮೈ ಉರಿಸುತ್ತಿತ್ತು.

ಒಂದು ವರ್ಷ ನೇಸರಗಿಯಿಂದ ಪೂರ್ಣಿಮಾ ಎಂಬ ಹುಡುಗಿ ಬಂದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮಾತು ಕಡಿಮೆ, ಯಾವುದನ್ನಾದರೂ ನೋಡಿದರೆ ಹುಬ್ಬು ಗಂಟಿಕ್ಕಿ ನೋಡುವಳು. ಸರ್ ಹಲಗೆಯ ಮೇಲೆ ಇಪ್ಪತ್ತು, ಅರವತ್ತು ಎರಡಕ್ಕೂ ಡಬ್ಬಿ ಹಾಕುತ್ತಿದ್ದಾಗ ಎದ್ದು ನಿಂತಳಂತೆ.

‘ಸರ್, ಅರವತ್ತರ ಹತ್ರ ಎರಡೂ ಒಂದ ಕಡಿಗೆ ದಬ್ಬತಾವಲ್ರಿ. ಮತ್ತ ಅಲ್ಲಿ ಸೊನ್ನಿ ಹೆಂಗ ಆಗತೈತ್ರಿ?’

ಸರ್ ಬೈಯಲಿಲ್ಲ. ಬೈಯುವ ಜಾತಿಯೇ ಅಲ್ಲ ಅವರದು. ‘ಭಲೆ! ಭಾಳ ಶಾಣ್ಯಾ ಅದಿ ನೀ. ಎಲ್ಲಾರೂ ಚಪ್ಪಾಳಿ ಹೊಡೀರಿ ಇಕಿಗೆ,’ ಎಂದು ತಾವೇ ಮೊದಲು ಚಪ್ಪಾಳೆ ತಟ್ಟಿದರು. ಇಡೀ ತರಗತಿ ತಟ್ಟಿತು. ‘ಕೂಡವ್ವ ಇನ್ನ. ಎರಡೂ ಬರಕೋ.’

ನನ್ನ ಹತ್ತಿರ ಬಂದು ಇದನ್ನೆಲ್ಲ ಹೇಳಿದಳು. ‘ಬೈದಿದ್ರ ಚಲೋ ಇತ್ರಿ ಮೇಡಂ,’ ಎಂದಳು.

ಆಮೇಲೆ ಕಾಲೇಜಿನ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂತು. ಅವಳು ಇಪ್ಪತ್ತನ್ನು ಮಾತ್ರ ಬರೆದು, ಬಾಣ ಹಾಕಿ, ಅರವತ್ತು ಯಾಕೆ ಆಗುವುದಿಲ್ಲ ಎಂದು ಎರಡು ಸಾಲಿನಲ್ಲಿ ಕಾರಣ ಕೊಟ್ಟಿದ್ದಳು. ನಾನು ಕಾಲೇಜಿನಲ್ಲಿ ನೋಡಿದ ಅತಿ ಸ್ವಚ್ಛ ಉತ್ತರ ಅದು. ಸರ್ ಕೊಟ್ಟದ್ದು ಅರ್ಧ ಅಂಕ. ಇನ್ನರ್ಧ ಯಾಕಿಲ್ಲ ಎಂದು ಕೇಳಿದ್ದಕ್ಕೆ, ‘ಅದು ಇನ್ನೊಂದು ಉತ್ತರದ್ದವ್ವ, ನೀ ಬರದಿಲ್ಲಲ್ಲ,’ ಎಂದು ನಕ್ಕು ತಲೆ ಸವರಿದರಂತೆ.

ಈ ಸಲ ಹುಡುಗಿ ನನ್ನ ಮುಂದೆ ಅತ್ತೇಬಿಟ್ಟಳು. ಅಂಕಕ್ಕಾಗಿ ಅಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇದು ಆ ಅಳುವಲ್ಲ.

‘ಮೇಡಂ, ನನಗ ಕಣ್ಣಿಗೆ ಕಟ್ಟಿದಂಗ ಕಾಣತೈತ್ರಿ. ಕಾಣೂದನ್ನ ಕಾಣಂಗಿಲ್ಲ ಅಂತ ಹೆಂಗ ಬರೀಲಿ?’

‘ಬರೀಬ್ಯಾಡ,’ ಎಂದೆ. ‘ಯಾರ ಹೇಳಿದ್ರೂ ಬರೀಬ್ಯಾಡ. ನಾ ಮಾತಾಡತೇನಿ.’

ಮಾತಾಡಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಮಾತಾಡಿದೆ. ಸರ್ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ತಲೆ ವಾಲಿಸಿದರು. ‘ನೀವು ಹೇಳೂದೂ ಖರೆ ಮೇಡಮ್ಮಾರ. ನಾಳೇನ ಕ್ಲಾಸಿನ್ಯಾಗ ಸರಿ ಮಾಡತೇನಿ.’ ಮರುದಿನ ತರಗತಿಯಲ್ಲಿ ಮಾಡಿದ ಸರಿ ಹೀಗಿತ್ತು: ‘ಮೇಡಂ ಅವರು ಒಂದ ಬರೀರಿ ಅಂತಾರ. ನಾ ಎರಡು ಬರೀರಿ ಅಂತೇನಿ. ಹಿರ್ಯಾರ ಮಾತು ಯಾರದೂ ಮೀರಬಾರದು. ನೀವು ಒಂದ ಬರದ್ರ ನನ್ನ ಮಾತು ಮೀರಿದಂಗ ಆತು. ಎರಡೂ ಬರದ್ರ ಅದರಾಗ ಮೇಡಂ ಅವರದೂ ಬಂತಲ್ಲ!’ ತರಗತಿ ಹೋ ಎಂದು ನಕ್ಕಿತಂತೆ. ನನಗೆ ಇದನ್ನು ಹೇಳಿದ ಹುಡುಗರೂ ನಗುತ್ತಲೇ ಹೇಳಿದರು.

ಪ್ರಾಚಾರ್ಯರ ಬಳಿ ಹೋದೆ. ಆ ಪಾಠ ನನಗೆ ಕೊಡಿ ಎಂದೆ. ‘ಮೇಡಂ, ಅವರ ರಿಸಲ್ಟ್ ನೋಡ್ರಿ ಒಮ್ಮೆ,’ ಎಂದು ಅವರು ಗೋಡೆಯ ಕಡೆ ಕೈ ಮಾಡಿದರು. ಗೋಡೆಯ ಮೇಲೆ ಸರ್ ಸನ್ಮಾನದ ಫೋಟೋ ಇತ್ತು, ಕೊರಳಲ್ಲಿ ಗಂಧದ ಹಾರ. ನಾನು ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಬಾಣ ಬರೆಯುವುದನ್ನು ಕಲಿಸತೊಡಗಿದೆ. ಪೂರ್ಣಿಮಾ ಮತ್ತು ಅವಳ ಗೆಳತಿಯರು ಕೆಲವರು ಬಂದರು. ಅಲ್ಲಿಗೂ ಸರ್ ಏನು ಮಾಡಿದರು ಗೊತ್ತೇ? ಕ್ಯಾಂಟೀನಿನಿಂದ ಚಾ ಕಳಿಸಿದರು! ‘ನಮ್ಮ ಮೇಡಂ ಬಿಸಲಾಗ ಕಲಸಾಕತ್ತಾರ’ ಅಂತ. ಆ ಚಾ ನೆಲಕ್ಕೆ ಚೆಲ್ಲಿದೆ. ಹುಡುಗಿಯರು ಗಾಬರಿಯಾಗಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಆ ದಿನ ಕೆಟ್ಟವಳಾದದ್ದು ನಾನು.

ಪೂರ್ಣಿಮಾಳ ಅಪ್ಪನೂ ಒಮ್ಮೆ ಬಂದಿದ್ದರು. ಹೊಲ ಮನೆ ಇದ್ದ ಗೌರವಸ್ಥ ರೈತರು, ತಲೆಗೆ ರುಮಾಲು, ಮಗಳ ಮೇಲೆ ಜೀವ. ಮಗಳು ಮನೆಯಲ್ಲಿ ಸರಿಯಾಗಿ ಉಣ್ಣುತ್ತಿಲ್ಲ, ಏನಾಗಿದೆ ಎಂದು ವಿಚಾರಿಸಲು ಬಂದವರು. ಗೇಟಿನ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ಕೇಳಿ ನಿರಾಳರಾಗಿ ನಕ್ಕುಬಿಟ್ಟರು.

‘ಇಷ್ಟಕ್ಕ ಇಷ್ಟೆಲ್ಲಾ ಹಟಾ ಹಿಡದೀಯೇನ? ಬರದಬಿಡವ್ವಾ ಎರಡನೂ. ನಿನ್ನ ಗಂಟೇನ ಹೋಗತೈತಿ?’ ಎಂದು ಮಗಳಿಗೆ ಹೇಳಿ ನನ್ನ ಕಡೆ ತಿರುಗಿದರು. ‘ಹೌದಿಲ್ರಿ ಬಾಯಾರ?’

‘ಹೋಗತೈತ್ರಿ,’ ಎಂದೆ. ಏನು ಹೋಗುತ್ತದೆ ಎಂದು ಅವರಿಗೆ ತಿಳಿಯುವ ಹಾಗೆ ಹೇಳಲು ನನ್ನಿಂದ ಆಗಲಿಲ್ಲ. ಅವರು ನನಗೂ ಕೈ ಮುಗಿದು, ಒಳಗೆ ಹೋಗಿ ಸರ್‌ಗೂ ಕೈ ಮುಗಿದು, ನೇಸರಗಿಯ ಬಸ್ಸು ಹತ್ತಿದರು.

ಸರ್ ಕೆಟ್ಟವರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಾಗಿದ್ದರೆ ನಾನು ಇಷ್ಟು ಹಾಳೆ ಕೆಡಿಸುತ್ತಿರಲಿಲ್ಲ. ಸವದತ್ತಿಯಲ್ಲಿ ನನ್ನ ಅವ್ವ ತೀರಿಕೊಂಡ ದಿನ ಮೊದಲ ಬಸ್ಸಿಗೆ ಬಂದವರು ಅವರು. ಹೂವು, ವಿಭೂತಿ, ಕುಣಿ ತೋಡುವವರು, ಬಂದವರಿಗೆ ನೀರು, ಎಲ್ಲಕ್ಕೂ ಓಡಾಡಿದರು. ಅವ್ವನಿಗೆ ಹೆಗಲು ಕೊಟ್ಟರು, ಮಣ್ಣು ಕೊಡುವ ತನಕ ಬಿಸಿಲಲ್ಲಿ ನಿಂತರು. ಆ ಋಣ ನನ್ನ ಮೇಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ದಿನವೇ ನನ್ನ ಇಬ್ಬರು ಅಣ್ಣಂದಿರ ನಡುವೆ ಅವ್ವನ ಮನೆಯ ಮಾತು ಬಂದಿತ್ತು. ಸರ್ ಹಿರಿಯಣ್ಣನನ್ನು ಹಿತ್ತಲಿಗೆ ಕರೆದು, ‘ನೀವು ಹೇಳೂದೂ ಖರೆ’ ಎಂದರು. ಸಣ್ಣಣ್ಣನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಅದನ್ನೇ ಹೇಳಿದರು. ಇಬ್ಬರೂ ‘ಸರ್ರ ಅಂದಾರ’ ಎಂದು ಬಿಗಿದು ಕೂತರು. ಇಂದಿಗೂ ಒಬ್ಬರ ಮನೆ ಹೊಸ್ತಿಲು ಇನ್ನೊಬ್ಬರು ತುಳಿಯುವುದಿಲ್ಲ. ಅವ್ವನಿಗೆ ಹೆಗಲು ಕೊಟ್ಟವರ ಬಗ್ಗೆ ಹೀಗೆಲ್ಲ ಬರೆಯಬೇಕಾಗಿ ಬಂದದ್ದಕ್ಕೂ ನನಗೆ ಅವರ ಮೇಲೆ ಸಿಟ್ಟಿದೆ.

ಆದರೂ ಅಷ್ಟು ವರ್ಷ ನಾನು ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಪಾಪ, ಅವರಿಗೆ ದಿಕ್ಕಿನ ವಿಚಾರ ತಿಳಿದಿಲ್ಲ, ತಿಳಿದಿದ್ದರೆ ಕಲಿಸುತ್ತಿದ್ದರು, ಅಂತ. ತಿಳಿಯದವರ ಮೇಲೆ ಎಷ್ಟು ಸಿಟ್ಟು ಮಾಡಲಾಗುತ್ತದೆ? ಪೂರ್ಣಿಮಾಳ ತಂಡ ಪಾಸಾಗಿ ಹೋದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಲ್ಯಾಬಿನಲ್ಲಿ ನಾವಿಬ್ಬರೇ ಕೂತಿದ್ದೆವು. ಸೆಖೆಗೆ ತಲೆ ಕೆಟ್ಟಿತ್ತು. ನೇರವಾಗಿ ಕೇಳಿಬಿಟ್ಟೆ.

‘ಸರ್, ಸಿಟ್ಟಾಗಬ್ಯಾಡ್ರಿ. ಅರವತ್ತು ಯಾಕ ತಪ್ಪು ಅನ್ನೂದು ನಿಮಗ ಖರೇನ ತಿಳದಿಲ್ಲೇನ್ರಿ?’

ಅವರು ನಕ್ಕರು. ಚಾಕ್ ತುಂಡು ಎತ್ತಿಕೊಂಡು ಕಪ್ಪು ಕಲ್ಲಿನ ಟೇಬಲ್ ಮೇಲೆ ಒಂದು ಬಂಡಿ ಬರೆದರು. ‘ಹೊಲದಾಗ ಬಂಡಿ ನಿಂತೈತಿ ಅನ್ರಿ. ಮುಂದಿಂದ ಒಬ್ಬಾಂವ ದಬ್ಬಾಕತ್ತಾನ, ಹಿಂದಿಂದ ಒಬ್ಬಾಂವ. ಇಬ್ಬರ ತಾಕತ್ತೂ ಸಮ. ಬಂಡಿ ಅಳಗಾಡತೈತೇನು? ಇಲ್ಲ. ಅದ ನಿಮ್ಮ ಇಪ್ಪತ್ತು. ಈಗ ಮುಂದಿನಾಂವ ಹಿಂದಕ್ಕ ಬಂದು ಇವನ ಬಾಜೂಕ ನಿಂತ. ತಾಕತ್ತು ಅದ ಐತಿ, ಸಮಾನ ಐತಿ. ಆದ್ರ ಬಂಡಿ ಹೊಂಟ ಹೋತಲ್ಲ! ಅದ ಅರವತ್ತು. ಸಮ ಇದ್ದ ಮಾತ್ರಕ್ಕ ಸೊನ್ನ್ಯಾಗಂಗಿಲ್ರಿ ಮೇಡಮ್ಮಾರ, ಎದರಾಬದರಾ ನಿಂದರಬೇಕು.’

ಇಷ್ಟು ಚೆಂದವಾಗಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ; ಎಂ.ಎಸ್ಸಿ.ಯಲ್ಲಿ ಕಲಿಸಿದವರೂ ಹೇಳಿರಲಿಲ್ಲ. ಕೆಸರಲ್ಲಿ ಸಿಕ್ಕ ಬಂಡಿ ದಬ್ಬಿ ಬೆಳೆದ ಮಕ್ಕಳಿಗೆ ಇದು ಹೇಳಿದ ಕ್ಷಣವೇ ತಿಳಿಯುತ್ತಿತ್ತು.

‘ಮತ್ತ ಹುಡುಗೂರಿಗೆ ಇದನ್ನ ಯಾಕ ಹೇಳಂಗಿಲ್ರಿ?’

‘ಹೇಳಿದ್ರ ತಿಳೀತೈತಿ. ತಿಳೀತಂದ್ರ ಪ್ರಶ್ನೆ ಕೇಳತಾರ. ಒಂದು ಕೇಳಿದ್ರ ಹಿಂದ ಇನ್ನೊಂದು. ಸಿಲೆಬಸ್ ಯಾವಾಗ ಮುಗಸೂದು?’ ಅಂಗೈಯಿಂದ ಬಂಡಿಯನ್ನು ಒರೆಸಿಹಾಕಿದರು. ‘ಮತ್ತ ತಿಳಕೊಂಡು ಏನ ಮಾಡಾವ್ರ ಅದಾರ್ರಿ ಅವರು? ಹೂಲಿ, ನೇಸರಗಿ ಕಡಿ ಹುಡುಗೂರು. ಕಾಗದದಾಗ ಪಾಸ್ ಅಂತ ಬಂದ್ರ ಮುಗೀತು.’

ಛೀ! ತಾವೂ ಅಂಥದೇ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದು ಕಲಿತವರು. ಯಾರೋ ಪುಣ್ಯಾತ್ಮ ಇವರಿಗೆ ಬಂಡಿ ಬರೆದು ತಿಳಿಸಿದ್ದನಲ್ಲ, ಇವರನ್ನು ಮನುಷ್ಯ ಎಂದು ಎಣಿಸಿದ್ದನಲ್ಲ. ಎದ್ದು ಹೊರಗೆ ಹೋಗಿ ನಳದ ಕೆಳಗೆ ಕೈ ತೊಳೆದುಕೊಂಡೆ. ಚಾಕ್ ಹಿಡಿದದ್ದು ನಾನಲ್ಲ, ಆದರೂ ಎಷ್ಟು ತೊಳೆದರೂ ತೊಳೆದಂತೆ ಆಗಲಿಲ್ಲ. ಅಂದಿನಿಂದ ಅವರ ಜತೆ ಕೆಲಸಕ್ಕೆ ಬೇಕಾದಷ್ಟು ಮಾತು ಮಾತ್ರ ಇಟ್ಟುಕೊಂಡೆ. ಅವರಿಗೆ ಅದರ ಅರಿವೇ ಆದಂತಿರಲಿಲ್ಲ. ಎಂದಿನಂತೆ ಚೂಡಾ ಕೊಡುತ್ತಿದ್ದರು.

ಪೂರ್ಣಿಮಾ ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಮಾಡಿದಳು, ಎಂ.ಎಸ್ಸಿ. ಮಾಡಿದಳು, ಎರಡೂ ಫಿಜಿಕ್ಸಿನಲ್ಲೇ. ಬೋರ್ಡಿನ ಪರೀಕ್ಷೆಯಲ್ಲಿ ಅವಳು ಏನು ಬರೆದು ಬಂದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಫಿಜಿಕ್ಸ್ ಬಿಡಲಿಲ್ಲವಲ್ಲ, ಅಷ್ಟಕ್ಕೇ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಈ ಸಲ ಸರ್ ನಿವೃತ್ತರಾದಾಗ ಅವರ ಜಾಗಕ್ಕೆ ತಾತ್ಕಾಲಿಕವಾಗಿ ಯಾರನ್ನು ತರಬೇಕೆಂಬ ಮಾತು ಬಂತು. ‘ನನ್ನ ವಿದ್ಯಾರ್ಥಿನಿ, ಭಾಳ ಶಾಣ್ಯಾ,’ ಎಂದು ಪೂರ್ಣಿಮಾಳ ಹೆಸರು ಹೇಳಿದ್ದು ಸರ್ ತಾವೇ. ಎರಡೂ ಗುಂಪಿನವರು ಒಪ್ಪಿದರು. ಜೂನ್ ತಿಂಗಳಲ್ಲಿ ಅವಳು ಸೀರೆಯುಟ್ಟು, ಹಾಜರಿ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದಾಗ ನನಗೆ ಕಣ್ಣು ತುಂಬಿ ಬಂತು. ಅಂತೂ ಈ ಕಾಲೇಜಿನಲ್ಲಿ ಒಬ್ಬರಾದರೂ ಬಾಣ ಬರೆಸುತ್ತಾರೆ, ನಾನು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು ಅಂದುಕೊಂಡೆ.

ಆ ಪಾಠ ಪುಸ್ತಕದ ಆರಂಭದಲ್ಲೇ ಬರುತ್ತದೆ. ನಾನು ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಹೋದ ವಾರ ನನ್ನ ತಾಸು ಬೇಗ ಮುಗಿಸಿ ಅವಳ ತರಗತಿಯ ಹೊರಗೆ ಪಡಸಾಲೆಯಲ್ಲಿ ನಿಂತೆ. ಬಾಗಿಲು ತೆರೆದಿತ್ತು. ಹಲಗೆಯ ಮೇಲೆ ಅವಳ ದುಂಡನೆಯ ಅಕ್ಷರ. ಎರಡು ಚಾರ್ಜು, ಎರಡೂ ಪ್ಲಸ್. ಸಮೀಕರಣ ಬಿಡಿಸಿದಳು, ಒಂದು ಹೆಜ್ಜೆಯನ್ನೂ ತಪ್ಪಿಸದೆ. ಇಪ್ಪತ್ತು ಬರೆದಳು. ಕೆಳಗೆ ಅರವತ್ತು ಬರೆದಳು. ಒಂದಕ್ಕೆ ಡಬ್ಬಿ ಹಾಕಿದಳು. ಚಾಕ್ ಎತ್ತಿ, ಒಂದು ಗಳಿಗೆ ಹಾಗೇ ನಿಂತು, ಇನ್ನೊಂದಕ್ಕೂ ಹಾಕಿದಳು. ಯಾರೂ ಏನೂ ಕೇಳಲಿಲ್ಲ. ಗಂಟೆ ಹೊಡೆಯಿತು.

ಹೊರಗೆ ಬಂದವಳು ನನ್ನನ್ನು ಕಂಡು ಗಕ್ಕನೆ ನಿಂತಳು.

‘ಪೂರ್ಣಿಮಾ, ಅರವತ್ತು ಯಾಕ ಇಟ್ಟಿ?’

‘ಇರಲಿ ಬಿಡ್ರಿ ಮೇಡಂ.’

‘ಇದ ಲೆಕ್ಕಕ್ಕ ಅತ್ತಾಕಿ ನೀನ ಅಲ್ಲೇನ?’

‘ಹೌದ್ರಿ.’ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. ‘ನಂದು ಟೆಂಪರರಿ ಐತ್ರಿ ಮೇಡಂ. ರಿಸಲ್ಟ್ ಕಡಿಮಿ ಬಂತಂದ್ರ ಮುಂದಿನ ವರ್ಷ ಕರಿಯಂಗಿಲ್ಲ ಅಂತ ಈಗ ಹೇಳ್ಯಾರ. ಪರ್ಮನೆಂಟ್ ಆದ ಮ್ಯಾಲ ಖರೇದು ಹೇಳತೇನ್ರಿ. ಆಣಿ ಮಾಡತೇನಿ ಬೇಕಾದ್ರ.’

‘ಛೀ!’ ಅಂದುಬಿಟ್ಟೆ. ತಡೆಯುವಷ್ಟರಲ್ಲಿ ಬಾಯಿಂದ ಬಂದುಹೋಗಿತ್ತು.

ಅವಳ ಮುಖ ಕೆಂಪಾಯಿತು. ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ‘ನೀವು ಪರ್ಮನೆಂಟ್ ಅದೀರಿ ಮೇಡಂ. ನಿಮಗ ಒಂದ ಉತ್ತರ ನಡೀತೈತಿ,’ ಎಂದು ಹೇಳಿ, ಸೆರಗು ಸರಿಮಾಡಿಕೊಂಡು, ತಿರುಗಿ ನೋಡದೆ ನಡೆದುಹೋದಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕೂತ ಆ ಮನುಷ್ಯನ ಮೇಲೆ ಬಂತು. ನಾನು ಯಾರ ಅಪ್ಪಣೆಯನ್ನೂ ಕೇಳದೆ ತರಗತಿಯ ಒಳಗೆ ನುಗ್ಗಿದೆ. ಮಕ್ಕಳು ಇನ್ನೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಡಸ್ಟರ್ ಎತ್ತಿಕೊಂಡು ಅರವತ್ತರ ಹತ್ತಿರ ಕೈ ಒಯ್ದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಗಡಬಡಿಸಿ ಎದ್ದು ನಿಂತಳು.

‘ತಡೀರಿ ಮೇಡಂ, ಅಳಸಬ್ಯಾಡ್ರಿ! ಎರಡನೇದು ಇನ್ನಾ ಬರಕೊಂಡಿಲ್ಲ.’